ಎರಡು ಇಳಿಜಾರಿನ ಗೋಡೆ

ಇದನ್ನು ಬರೆಯಲು ಕೂತರೆ ಈಗಲೂ ಮೈ ಉರಿಯುತ್ತದೆ. ಆದರೂ ಸಿಟ್ಟಿಗೆ ಮೊದಲು ಗೋಡೆಗೆ ಬಳಿಸಿದ ಒಂದು ಗಿಲಾವಿನ ವಿಷಯ ಹೇಳಬೇಕು. ಹೇಳದೆ ಹೋದರೆ ಮುಂದಿನದೆಲ್ಲ ಯಾರೋ ದುಷ್ಟರು ಯಾರಿಗೋ ಮಾಡಿದ ಅನ್ಯಾಯದಂತೆ ಕಾಣುತ್ತದೆ, ನಾನು ಬದಿಗೆ ನಿಂತು ನೋಡಿದವನಂತೆ. ನಾನು ಬದಿಗೆ ನಿಂತಿರಲಿಲ್ಲ. ಆ ಅನ್ಯಾಯಕ್ಕೆ ಬೇಕಾದ ಸಾಕ್ಷಿಯನ್ನು ಸಿಮೆಂಟು ಮರಳಿನಲ್ಲಿ ಕಲಸಿ ಕೊಟ್ಟವನೇ ನಾನು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಧಾರವಾಡದ ಕಡೆಯವನು, ಒಂದು ಬ್ಯಾಂಕಿನ ಎಸ್ಟೇಟ್ ವಿಭಾಗದಲ್ಲಿ ಸಹಾಯಕ ಎಂಜಿನಿಯರ್. ವಡೋದರಾದ ಗೋರ್ವಾದಲ್ಲಿ ಬ್ಯಾಂಕಿನ ಸಿಬ್ಬಂದಿ ಕ್ವಾರ್ಟರ್ಸು ಇತ್ತು. ಅದರ ನಲ್ಲಿ, ಗಟಾರ, ಗೋಡೆ, ಗೇಟು ಎಲ್ಲ ನೋಡಿಕೊಳ್ಳುವುದು ನನ್ನ ಕೆಲಸ, ಅಲ್ಲೇ ಕೆಳಮನೆಯಲ್ಲಿ ನನ್ನ ಸಂಸಾರ. ಕ್ವಾರ್ಟರ್ಸಿನ ಪೂರ್ವಕ್ಕೆ ಏಳಡಿ ಎತ್ತರದ ಹಳೆಯ ಇಟ್ಟಿಗೆ ಗೋಡೆ, ಹದಿನಾಲ್ಕು ಇಂಚು ದಪ್ಪ. ಗೋಡೆಯಾಚೆ ಒಬ್ಬ ವಿಧವೆಯ ಮನೆ. ವಯಸ್ಸು ಐವತ್ತೈದು ದಾಟಿದ ಅವರನ್ನು ನಾವೆಲ್ಲ ‘ಮಾಸಿ’ ಎನ್ನುತ್ತಿದ್ದೆವು, ಅಂದರೆ ಚಿಕ್ಕಮ್ಮ. ಅವರ ಹಿತ್ತಿಲಿನ ತಗಡಿನ ಶೆಡ್ಡು ಈ ಗೋಡೆಗೆ ಅಂಟಿಕೊಂಡೇ ಇತ್ತು; ಅದರ ನಾಲ್ಕು ತೊಲೆಗಳ ತುದಿ ಗೋಡೆಯೊಳಗೆ ಕೂತಿದ್ದವು. ಆ ಶೆಡ್ಡಿನಲ್ಲಿ ಮಾಸಿ ಮತ್ತು ಇನ್ನೂ ಆರು ಹೆಂಗಸರು ಬೆಳಗಿನಿಂದ ಮಧ್ಯಾಹ್ನದ ತನಕ ಖಾಖ್ರಾ ಲಟ್ಟಿಸಿ ಕಾಯಿಸುತ್ತಿದ್ದರು. ಹಪ್ಪಳದಷ್ಟು ತೆಳುವಾದ ಗೋಧಿ ರೊಟ್ಟಿಯನ್ನು ಹೆಂಚಿನ ಮೇಲೆ ಬಟ್ಟೆಯಿಂದ ಒತ್ತಿ ಒತ್ತಿ ಗರಿಗರಿ ಮಾಡುವುದು. ಒಂದು ಹನಿ ನೀರು ಬಿದ್ದರೂ ಇಡೀ ಡಬ್ಬ ಮೆತ್ತಗಾಗುತ್ತದೆ.

ಒಂದು ಮಳೆಗಾಲದಲ್ಲಿ ಮಾಸಿ ನನ್ನ ಹೆಂಡತಿಯ ಹತ್ತಿರ ಹೇಳಿದ್ದರು, ಗೋಡೆಯ ನೆತ್ತಿಯ ನೀರು ಶೆಡ್ಡಿನ ತಗಡು ಗೋಡೆಗೆ ಸೇರುವ ಸಂದಿಗೆ ಬಿದ್ದು ಒಳಗೆ ಸೋರುತ್ತಿದೆ ಎಂದು. ಗೋಡೆಯ ನೆತ್ತಿಯ ಮೇಲೆ ಮಳೆಗೆ ರಕ್ಷಣೆಯೆಂದು ಹಾಕುವ ಗಿಲಾವನ್ನು ನಾವು ಕೋಪಿಂಗ್ ಎನ್ನುತ್ತೇವೆ. ಹಳೆಯ ಸುಣ್ಣದ ಕೋಪಿಂಗ್ ಅಲ್ಲಲ್ಲಿ ಒಡೆದಿತ್ತು. ಅದು ನಡುವೆ ದಿಬ್ಬವಿದ್ದು ಎರಡೂ ಕಡೆ ಇಳಿಜಾರಾಗಿತ್ತು. ಅರ್ಧ ನೀರು ನಮ್ಮ ಕಡೆ, ಅರ್ಧ ಅವರ ಕಡೆ. ಮಳೆ ನಿಂತ ಮೇಲೆ ಗೌಂಡಿಯನ್ನು ಕರೆಸಿ ಒಡೆದಲ್ಲೆಲ್ಲ ತೇಪೆ ಹಾಕಿ, ಅದರ ಮೇಲೆ ಹೊಸ ಸಿಮೆಂಟ್ ಗಿಲಾವು ಎಳೆಸಿದೆ. ಈ ಸಲ ಇಳಿಜಾರು ಪೂರಾ ನಮ್ಮ ಕಡೆಗೆ. ನೀರೆಲ್ಲ ನಮ್ಮ ಅಂಗಳಕ್ಕೇ ಬೀಳಲಿ, ಪಾಪ ಆಕೆಯ ಶೆಡ್ಡು ಒಣಗಿರಲಿ ಎಂಬುದು ನನ್ನ ಲೆಕ್ಕಾಚಾರ.

ಗೌಂಡಿ ವಡೋದರಾದವನೇ, ಅರವತ್ತರ ಮೇಲಿನ ಮನುಷ್ಯ. ಕರಣಿ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತ. “ಸಾಹೇಬ, ಇದು ಎರಡು ಇಳಿಜಾರಿನ ಗೋಡೆ. ಹಾಗೇ ಇರಲಿ ಅಲ್ಲವೇ?” ಎಂದ. ನನಗೆ ಆ ದಿನ ಇನ್ನೆರಡು ಕಡೆ ಕೆಲಸವಿತ್ತು. “ಹೇಳಿದಷ್ಟು ಮಾಡಿ,” ಎಂದೆ. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದಲ್ಲಿ ‘ಕೋಪಿಂಗ್ ಗಿಲಾವು, ಬ್ಯಾಂಕಿನ ಕಡೆಗೆ ಇಳಿಜಾರು’ ಎಂದು ಬರೆದು ಸಹಿ ಹಾಕಿದೆ. ಮುಂದಿನ ಮಳೆಯಲ್ಲಿ ಶೆಡ್ಡು ಸೋರಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಎರಡು ವರ್ಷ ಕಳೆಯಿತು. ಹೊಸ ಮುಖ್ಯ ವ್ಯವಸ್ಥಾಪಕರು ಬಂದರು. ಕರಾವಳಿಯವರು, ಬಂದ ದಿನವೇ ನನ್ನನ್ನು ಕರೆದು ಕನ್ನಡದಲ್ಲಿ ಮಾತಾಡಿಸಿದರು. ಪರ ಊರಿನಲ್ಲಿ ಕನ್ನಡ ಕೇಳಿದರೆ ಯಾರಿಗೆ ಹಿತವಾಗುವುದಿಲ್ಲ! ಹುಬ್ಬಳ್ಳಿಗೆ ವರ್ಗ ಕೇಳಿ ನಾನು ಕೊಟ್ಟಿದ್ದ ಅರ್ಜಿಯನ್ನು ತಾವೇ ಮುಂದಕ್ಕೆ ಕಳಿಸುವುದಾಗಿ ಹೇಳಿದರು. ಒಂದು ತಿಂಗಳು ನಾನು ಅವರನ್ನು ದೇವರ ಸಮಾನ ಎಂದು ಮನೆಯಲ್ಲಿ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಕ್ವಾರ್ಟರ್ಸಿನ ಪೂರ್ವದ ಗೋಡೆಗೆ ತಾಗಿ ಅಧಿಕಾರಿಗಳ ಕಾರುಗಳಿಗೆ ಸಾಲು ಗ್ಯಾರೇಜು ಕಟ್ಟಬೇಕೆಂಬ ಯೋಜನೆ ಹೊರಟಿತು. ಗೋಡೆಯ ನೆತ್ತಿಯನ್ನು ಒಡೆದು ಪೂರ್ತಿ ದಪ್ಪಕ್ಕೆ ಕಾಂಕ್ರೀಟ್ ಬೀಮ್ ಹಾಕಿ, ಅದರ ಮೇಲೆ ಗೋಡೆಯನ್ನು ಎರಡಡಿ ಎತ್ತರಿಸಬೇಕು. ಬೀಮ್ ಬರಬೇಕಾದ ಜಾಗದಲ್ಲಿ ಮಾಸಿಯ ನಾಲ್ಕು ತೊಲೆಗಳ ತುದಿ ಇದ್ದವು.

ನನ್ನ ಕೈಗೆ ಒಂದು ನೋಟೀಸು ಬಂತು. ‘ಬ್ಯಾಂಕಿನ ಒಡೆತನದ ಗೋಡೆಯೊಳಗೆ ನೀವು ಅನುಮತಿಯಿಲ್ಲದೆ ತೂರಿಸಿರುವ ತೊಲೆಗಳನ್ನು ಹದಿನೈದು ದಿನಗಳೊಳಗೆ ತೆಗೆಯತಕ್ಕದ್ದು.’ ಅದನ್ನು ಕೊಟ್ಟು ಸಹಿ ಮಾಡಿಸಿಕೊಂಡು ಬರಲು ಕಳಿಸಿದ್ದು ನನ್ನನ್ನೇ. ಇಂಗ್ಲಿಷ್ ನೋಟೀಸನ್ನು ನನ್ನ ಹರಕು ಗುಜರಾತಿಯಲ್ಲಿ ಓದಿ ಹೇಳಿದೆ. ಲಟ್ಟಣಿಗೆಗಳೆಲ್ಲ ಒಮ್ಮೆಗೇ ನಿಂತವು.

“ಬ್ಯಾಂಕಿನ ಗೋಡೆಯೇ?” ಮಾಸಿ ಕೇಳಿದರು. “ಭಾಯಿ, ಇದು ಸಹಿಯಾರೀ ಗೋಡೆ. ಇಬ್ಬರದು. ನಮ್ಮ ಮಾವನವರೂ ಈ ಬ್ಯಾಂಕಿಗೆ ಜಾಗ ಮಾರಿದವರ ತಂದೆಯೂ ಸೇರಿ ಕಟ್ಟಿಸಿದ್ದು. ತೊಲೆ ತೆಗೆದರೆ ಶೆಡ್ಡು ನಿಲ್ಲುತ್ತದೆಯೇ? ಇವರೆಲ್ಲ ಎಲ್ಲಿಗೆ ಹೋಗಬೇಕು?”

ಆರು ಹೆಂಗಸರೂ ನನ್ನ ಮುಖ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಮುಚ್ಚಿದ ಗಿರಣಿಯ ಕೆಲಸಗಾರರ ಹೆಂಡಿರು; ಮನೆಯಲ್ಲಿ ದುಡಿಯುವ ಕೈ ಅವರದ್ದೊಂದೇ. ಆ ಶೆಡ್ಡು ಹೋದರೆ ಖಾಖ್ರಾ ಮಾಡಲು ಮಾಸಿಯ ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ಮುಂದೆ ಎರಡೇ ಕೋಣೆ, ಆಮೇಲೆ ರಸ್ತೆ. ನಾನು ಕೈಯಲ್ಲಿ ಪೆನ್ನು ಹಿಡಿದು ಸಹಿಗಾಗಿ ನಿಂತಿದ್ದೆ.

ಕಚೇರಿಗೆ ಬಂದವನೇ ಹೊಸ ಸಾಹೇಬರ ಕೋಣೆಗೆ ಹೋದೆ. “ಸರ, ಆ ಗೋಡಿ ನಮ್ಮದೊಂದೇ ಅಂತ ಹೆಂಗ ಹೇಳೂದು? ಆಕಿ ಸಹಿಯಾರೀ ಅಂತಾಳ. ಕಾಗದಾ ನೋಡಬೇಕಲ್ಲರೀ.”

“ನೋಡಿದೆವಲ್ಲ ಮಾರಾಯ್ರೇ,” ಎಂದು ಅವರು ಕಡತ ನನ್ನ ಮುಂದೆ ತಳ್ಳಿದರು. ಸಿಟಿ ಸರ್ವೆಯ ನಕ್ಷೆಯಲ್ಲಿ ಎರಡು ಜಾಗಗಳ ನಡುವೆ ಒಂದು ಗೆರೆ. ಅಷ್ಟೇ. ಆ ಅಳತೆಯ ನಕ್ಷೆಯಲ್ಲಿ ಗೆರೆಯ ದಪ್ಪವೇ ನೆಲದ ಮೇಲೆ ಹತ್ತು ಇಂಚಾಗುತ್ತದೆ. ಗೋಡೆ ಗೆರೆಯ ಆಚೆಯೋ ಈಚೆಯೋ ನಡುವೆಯೋ ಎಂದು ಬ್ರಹ್ಮನೂ ಹೇಳಲಾರ. ಮಾಸಿಯ ಹಳೆಯ ಖರೀದಿ ಪತ್ರದಲ್ಲಿ ‘ಪಶ್ಚಿಮಕ್ಕೆ ಗೋಡೆ’ ಎಂದಿತ್ತು, ನಮ್ಮದರಲ್ಲಿ ‘ಪೂರ್ವಕ್ಕೆ ಗೋಡೆ’ ಎಂದಿತ್ತು. ಯಾರ ಗೋಡೆ ಎಂದು ಎರಡರಲ್ಲೂ ಇಲ್ಲ.

“ಕಾಗದದಲ್ಲಿ ಇಲ್ಲ ಅಂತಾದ್ರೆ ಗೋಡೆಯನ್ನೇ ಕೇಳ್ಬೇಕು ಅಂತ ನಮ್ಮ ವಕೀಲರು ಹೇಳಿದ್ರು,” ಎಂದರು ಸಾಹೇಬರು. “ಒಬ್ಬನದೇ ಗೋಡೆ ಆದ್ರೆ ಅದರ ನೀರು ಅವನ ಜಾಗಕ್ಕೆ ಬೀಳ್ಬೇಕು. ಇಬ್ಬರದ್ದಾದ್ರೆ ಎರಡೂ ಕಡೆ ಇಳಿಜಾರು ಇರ್ತದೆ. ನಮ್ಮ ಗೋಡೆ ಎಲ್ಲಿಗೆ ಇಳಿಜಾರುಂಟು? ನಮ್ಮ ಕಡೆಗೆ. ನೀವೇ ಬರೆದದ್ದಲ್ವಾ?” ಅಳತೆ ಪುಸ್ತಕ ತೆರೆದು ನನ್ನ ಸಹಿಯ ಮೇಲೆ ಬೆರಳಿಟ್ಟರು.

ಗೌಂಡಿ ಆವತ್ತು ಹೇಳಲು ಹೊರಟದ್ದು ಏನೆಂದು ಆಗ ನನಗೆ ಅರ್ಥವಾಯಿತು. ಇಪ್ಪತ್ತು ವರ್ಷ ಕಟ್ಟಡದ ಕೆಲಸ ಮಾಡಿದವನಿಗೆ ಇಷ್ಟು ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ನೀರು ಎಲ್ಲಿಗೆ ಹೋಗಬೇಕು ಎಂಬುದಷ್ಟೇ ತಲೆಯಲ್ಲಿದ್ದಾಗ ಗೊತ್ತಿದ್ದದ್ದೂ ನೆನಪಿಗೆ ಬರುವುದಿಲ್ಲ.

“ಸರ, ಅದು ಮೊದಲ ಎರಡೂ ಕಡೆ ಇತ್ತು. ನಾ ತಿರುಗಿಸೀನಿ. ಆಕಿ ಶೆಡ್ಡು ಸೋರ್ತಿತ್ತು ಅಂತ.”

“ತಿರುಗಿಸಿದ್ದು ಅಂತ ಎಲ್ಲಿ ಬರೆದಿದ್ದೀರಿ?”

ಎಲ್ಲೂ ಬರೆದಿರಲಿಲ್ಲ.

“ಮತ್ತೆ ಎಂತ? ಬರೆದದ್ದು ಉಂಟು, ಕಣ್ಣಿಗೆ ಕಾಣೋದೂ ಉಂಟು. ಇನ್ನು ನಿಮಗೆ ಆ ಹೆಂಗಸಿನ ವಕಾಲತ್ತು ಯಾಕೆ? ನಿಮ್ಮ ಹುಬ್ಬಳ್ಳಿ ಅರ್ಜಿ ನನ್ನ ಮೇಜಿನ ಮೇಲೇ ಉಂಟು, ಮರೀಬೇಡಿ.” ಇದನ್ನು ಅವರು ನಗುತ್ತಲೇ ಹೇಳಿದರು. ಅದಕ್ಕೇ ಹೆಚ್ಚು ಪಿತ್ತ ನೆತ್ತಿಗೇರಿತು. ಬೈದು ಹೇಳಿದ್ದರೆ ತಿರುಗಿ ಬೈಯಬಹುದಿತ್ತು.

ಮಾಸಿ ಸುಮ್ಮನೆ ಕೂರಲಿಲ್ಲ. ಯಾರದೋ ಸಹಾಯದಿಂದ ವಕೀಲರನ್ನು ಹಿಡಿದು ವಡೋದರಾದ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದರು: ಗೋಡೆ ಇಬ್ಬರದು, ನನ್ನ ಒಪ್ಪಿಗೆಯಿಲ್ಲದೆ ಒಡೆಯುವಂತಿಲ್ಲ, ಎತ್ತರಿಸುವಂತಿಲ್ಲ, ನನ್ನ ತೊಲೆ ಮುಟ್ಟುವಂತಿಲ್ಲ. ಕೋರ್ಟು ಸದ್ಯಕ್ಕೆ ಇದ್ದದ್ದು ಇದ್ದಹಾಗೇ ಇರಲಿ ಎಂದು ಹೇಳಿ ನಮ್ಮ ಉತ್ತರ ಕೇಳಿತು. ನಮ್ಮ ಕಡೆಯಿಂದ ಅಫಿಡವಿಟ್ ಹಾಕಬೇಕಾದವನು ಜಾಗದ ಎಂಜಿನಿಯರ್, ಅಂದರೆ ನಾನು.

ಅದಕ್ಕಾಗಿ ಅಹಮದಾಬಾದಿನ ವಲಯ ಕಚೇರಿಗೆ ನನ್ನನ್ನು ಕರೆದೊಯ್ದರು. ಅಲ್ಲಿ ಕಾನೂನು ವಿಭಾಗದ ಅಧಿಕಾರಿಯೊಬ್ಬರು ಬೆರಳಚ್ಚು ಮಾಡಿಸಿಟ್ಟ ಕಾಗದವನ್ನು ಮುಂದಿಟ್ಟರು. ‘ಸದರಿ ಗೋಡೆಯ ನೆತ್ತಿಯು ಸಂಪೂರ್ಣವಾಗಿ ಬ್ಯಾಂಕಿನ ಜಾಗದ ಕಡೆಗೆ ಇಳಿಜಾರಾಗಿರುತ್ತದೆ. ಸದರಿ ಕೋಪಿಂಗಿನ ದುರಸ್ತಿಯನ್ನು ಬ್ಯಾಂಕೇ ಮಾಡಿಸಿರುತ್ತದೆ.’ ನಾನು ಮತ್ತೊಮ್ಮೆ ಹಳೆಯ ಇಳಿಜಾರಿನ ವಿಷಯ ಎತ್ತಿದೆ. ತೊಲೆಗಳ ಮಾತನ್ನೂ ಹೇಳಿದೆ. ತೊಲೆಯ ಪಕ್ಕದ ಸಂದಿಗೆ ಸರಿಗೆ ತೂರಿಸಿ ನಾನೇ ನೋಡಿದ್ದೆ, ಅವು ಗೋಡೆಯೊಳಗೆ ಹೋದದ್ದು ಆರೂವರೆ ಇಂಚು. ಹದಿನಾಲ್ಕರ ಅರ್ಧ ಏಳು. ಕಟ್ಟಿದ ಮನುಷ್ಯ ತನ್ನ ಅರ್ಧದ ಒಳಗೇ ನಿಂತಿದ್ದ. ತನ್ನದಲ್ಲದ ಗೋಡೆಗೆ ಕದ್ದು ತೊಲೆ ತೂರಿಸುವವನು ಇಷ್ಟು ಲೆಕ್ಕ ಇಡುತ್ತಾನೆಯೇ?

ಆ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ಇದರಲ್ಲಿ ಯಾವ ವಾಕ್ಯ ಸುಳ್ಳು, ಹೇಳಿ,” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಯಾವುದೂ ಸುಳ್ಳಲ್ಲ. ಒಂದೊಂದು ಅಕ್ಷರವೂ ನಿಜ. ನಾಲ್ಕು ಸಲ ಓದಿದೆ. ನನ್ನ ಸಾಹೇಬರು ಕಿಟಕಿಯ ಕಡೆ ನೋಡುತ್ತ ಕೂತಿದ್ದರು. ನಾನು ಸಹಿ ಮಾಡಿದೆ. ಯಾಕೆ ಮಾಡಿದೆ ಎಂದರೆ ಹೆದರಿ ಮಾಡಿದೆ, ಹುಬ್ಬಳ್ಳಿಯ ಆಸೆಗೆ ಮಾಡಿದೆ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ಸಾಹೇಬರು ತಮ್ಮೂರಿನ ಮೀನಿನ ಸಾರಿನ ಬಗ್ಗೆ ಮಾತಾಡಿದರು. ನಾನು ಹೂಂಗುಟ್ಟುತ್ತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಅವರ ಮೇಲೆ ಸಿಟ್ಟು, ಕನ್ನಡಕ ಒರೆಸಿದವನ ಮೇಲೆ ಸಿಟ್ಟು, ನನ್ನ ಕೈಯ ಮೇಲೆ ಸಿಟ್ಟು.

ಹೆಂಡತಿಗೆ ಹೇಳಿದೆ. ಅವಳು ದಿನವೂ ಆ ಗೋಡೆಯ ಬಳಿ ಮಾಸಿಯ ಜೊತೆ ಮಾತಾಡುವವಳು. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ನೌಕರಿ ನಿಮ್ಮದು, ಏನರ ಮಾಡ್ರಿ. ಆದ್ರ ನಾಳೆ ನಾ ಆಕಿ ಮಾರಿ ನೋಡೂಹಂಗ ಇರಬೇಕು, ಅಷ್ಟ,” ಎಂದಳು. ಮರುದಿನ ಅವಳು ಗೋಡೆಯ ಬಳಿ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ಕೋರ್ಟು ಎರಡೂ ಕಡೆಯ ವಾದ ಕೇಳಿ, ಸ್ಥಳ ನೋಡಿ ವರದಿ ಕೊಡಲು ಒಬ್ಬ ಕಿರಿಯ ವಕೀಲರನ್ನು ಕಮಿಷನರ್ ಎಂದು ನೇಮಿಸಿತು. ಕೋರ್ಟ್ ಕಮಿಷನರನಿಗೆ ತೀರ್ಪು ಹೇಳುವ ಅಧಿಕಾರವಿಲ್ಲ. ಕಣ್ಣಿಗೆ ಕಂಡದ್ದನ್ನು ಅಳೆದು, ಬರೆದು, ಎರಡೂ ಕಡೆಯವರ ಸಹಿ ಪಡೆದು ಒಪ್ಪಿಸಬೇಕು. ಬ್ಯಾಂಕಿನ ಪರವಾಗಿ ಹಾಜರಿರಲು ನನಗೇ ಅಧಿಕಾರ ಪತ್ರ ಬಂತು. ‘ಸ್ಥಳ ತನಿಖೆಯ ವೇಳೆ ಬ್ಯಾಂಕಿನ ಪ್ರತಿನಿಧಿಯಾಗಿ ಅಗತ್ಯವಾದ ಎಲ್ಲ ಹೇಳಿಕೆ ಮತ್ತು ಒಪ್ಪಿಗೆಗಳನ್ನು ಇವರು ನೀಡತಕ್ಕದ್ದು’ ಎಂದು ಸಾಹೇಬರ ಸಹಿ. ಅಫಿಡವಿಟ್ಟಿಗೆ ಸಹಿ ಮಾಡಿದವನು ಇನ್ನೆಲ್ಲಿಗೆ ಹೋಗುತ್ತಾನೆ ಎಂಬ ಧೈರ್ಯ ಅವರದು.

ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕಮಿಷನರ್, ನಮ್ಮ ವಕೀಲರು, ಮಾಸಿ, ಅವರ ವಕೀಲರು, ಪಂಚರೆಂದು ಇಬ್ಬರು ಅಕ್ಕಪಕ್ಕದವರು ಗೋಡೆಯ ಕೆಳಗೆ ಸೇರಿದರು. ಏಣಿ ಹಿಡಿಯಲು ನಾನು ಅದೇ ಹಳೆಯ ಗೌಂಡಿಯನ್ನು ಬರಲು ಹೇಳಿದ್ದೆ. ಕಮಿಷನರ್ ಶಿಸ್ತಿನ ಹುಡುಗ. ಗೋಡೆಯ ಉದ್ದ ಅಳೆದರು, ದಪ್ಪ ಅಳೆದರು, ತೊಲೆಗಳನ್ನು ಎಣಿಸಿದರು. ಎರಡೂ ಬದಿಗೆ ಆಧಾರದ ಇಟ್ಟಿಗೆ ಕಂಬಗಳಿಲ್ಲ ಎಂದು ಬರೆದುಕೊಂಡರು. ಕಂಬಗಳಿದ್ದಿದ್ದರೆ ಅವು ಯಾರ ಕಡೆಗಿವೆಯೋ ಗೋಡೆ ಅವರದೆಂದು ಹೇಳಬಹುದಿತ್ತು. ಕೊನೆಗೆ ಏಣಿ ಹತ್ತಿ ನೆತ್ತಿ ನೋಡಿ, “ಇಳಿಜಾರು ಪೂರ್ತಿ ಪಶ್ಚಿಮಕ್ಕೆ, ಬ್ಯಾಂಕಿನ ಕಡೆಗೆ,” ಎಂದು ಗಟ್ಟಿಯಾಗಿ ಹೇಳುತ್ತ ಬರೆದರು.

“ಮೊದಲು ಹಾಗಿರಲಿಲ್ಲ!” ಮಾಸಿ ಕೂಗಿದರು. “ಎರಡೂ ಕಡೆ ಇತ್ತು. ಈಚೆಗೆ ಇವರು ಮಾಡಿದ್ದು.”

ನಮ್ಮ ವಕೀಲರು ಕೈಯೆತ್ತಿದರು. “ಕಮಿಷನರ್ ಸಾಹೇಬ, ಮೌಖಿಕ ಸಾಕ್ಷ್ಯ ಬರೆದುಕೊಳ್ಳುವುದು ನಿಮ್ಮ ಕೆಲಸವಲ್ಲ. ಕಂಡದ್ದನ್ನು ಮಾತ್ರ ಬರೆಯಿರಿ.”

“ಹೌದು ಮಾಸಿ, ನಾನು ಕಂಡದ್ದನ್ನು ಮಾತ್ರ ಬರೆಯಬಹುದು,” ಎಂದರು ಕಮಿಷನರ್. ಅವರ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಾಸಿಯ ವಕೀಲರು ಚೀಲದಿಂದ ಏನನ್ನೋ ಹುಡುಕುವವರಂತೆ ತಲೆ ತಗ್ಗಿಸಿದರು. ಶೆಡ್ಡಿನ ಬಾಗಿಲಲ್ಲಿ ಆರು ಹೆಂಗಸರು ಹಿಟ್ಟಿನ ಕೈಯಲ್ಲೇ ನಿಂತಿದ್ದರು. ಕಮಿಷನರ್ ಕಾಗದದ ಕೆಳಗೆ ಗೆರೆ ಎಳೆಯತೊಡಗಿದರು, ಸಹಿ ತೆಗೆದುಕೊಳ್ಳಲು.

ಆ ಗೆರೆ ಎಳೆಯುವುದನ್ನು ನೋಡಿ ನನ್ನ ತಲೆ ಕೆಟ್ಟಿತು. ಬಾಯಿಂದ ಹೇಳಿದರೆ ಪ್ರಯೋಜನವಿಲ್ಲ, ನನ್ನ ಬಾಯಿಗೂ ಮಾಸಿಯ ಬಾಯಿಗೂ ಇಲ್ಲಿ ಬೆಲೆ ಒಂದೇ. ಕಣ್ಣಿಗೆ ಕಾಣಬೇಕು. ಹಾಗಾದರೆ ಕಾಣಿಸೋಣ.

“ಒಂದು ನಿಮಿಷ,” ಎಂದೆ. “ಮೇಲಿನ ಗಿಲಾವಿನ ಕೆಳಗೆ ಇನ್ನೊಂದು ಗಿಲಾವಿದೆ. ಒಂದಡಿ ಜಾಗ ಒಡೆದು ನೋಡಬೇಕು.”

ನಮ್ಮ ವಕೀಲರು ನನ್ನ ತೋಳು ಹಿಡಿದು ಪಕ್ಕಕ್ಕೆಳೆದರು. “ಏನು ಮಾತಾಡುತ್ತಿದ್ದೀರಿ? ಇದ್ದದ್ದು ಇದ್ದಹಾಗೇ ಇರಬೇಕೆಂದು ಕೋರ್ಟಿನ ಆದೇಶವಿದೆ. ಮುಟ್ಟುವಂತಿಲ್ಲ.”

ಕಮಿಷನರ್ ಯೋಚಿಸಿದರು. “ಎರಡೂ ಕಡೆಯವರ ಒಪ್ಪಿಗೆಯಿದ್ದರೆ, ಗೋಡೆಗೆ ಹಾನಿಯಾಗದಿದ್ದರೆ, ನನ್ನ ಎದುರಿಗೇ ಒಂದಡಿ ತೆಗೆದು ನೋಡಬಹುದು. ಅದನ್ನೂ ಬರೆದುಕೊಳ್ಳುತ್ತೇನೆ. ಮಾಸಿ, ನಿಮ್ಮ ಒಪ್ಪಿಗೆ?”

“ಇದೆ,” ಎಂದರು ಮಾಸಿ.

“ಬ್ಯಾಂಕಿನ ಒಪ್ಪಿಗೆ?”

“ಇಲ್ಲ,” ಎಂದರು ನಮ್ಮ ವಕೀಲರು.

“ಇದೆ,” ಎಂದೆ ನಾನು. ಅಧಿಕಾರ ಪತ್ರವನ್ನು ಜೇಬಿನಿಂದ ತೆಗೆದು ಕಮಿಷನರ ಕೈಗಿತ್ತೆ. “ಒಪ್ಪಿಗೆ ಕೊಡುವ ಅಧಿಕಾರ ನನಗಿದೆ. ಓದಿಕೊಳ್ಳಿ.”

ನಮ್ಮ ವಕೀಲರು ಇಂಗ್ಲಿಷಿನಲ್ಲಿ ಏನೇನೋ ಅಂದರು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಗೌಂಡಿಯ ಚೀಲದಿಂದ ಉಳಿ, ಸುತ್ತಿಗೆ ತೆಗೆದುಕೊಂಡು ನಾನೇ ಏಣಿ ಹತ್ತಿದೆ. ಗೌಂಡಿ, “ಸಾಹೇಬ, ನಾನು ಮಾಡುತ್ತೇನೆ, ಕೈ ಕೊಯ್ದುಕೊಳ್ಳುತ್ತೀರಿ,” ಎಂದ. ನಾನು ಇಳಿಯಲಿಲ್ಲ. ಸಿಟ್ಟಿನಲ್ಲಿ ಮೊದಲ ಏಟು ಎಷ್ಟು ಜೋರಾಗಿ ಬಿತ್ತೆಂದರೆ ಉಳಿ ಜಾರಿ ಹೆಬ್ಬೆರಳಿನ ಚರ್ಮ ಕಿತ್ತುಹೋಯಿತು. ನನ್ನದೇ ಗಿಲಾವು, ಗಟ್ಟಿಯಾಗಿತ್ತು. ಮರಳು ತೊಳೆಸಿ, ಏಳು ದಿನ ನೀರು ಕುಡಿಸಿ ಮಾಡಿಸಿದ ಕೆಲಸ. ಚಕ್ಕೆ ಚಕ್ಕೆಯಾಗಿ ಎಬ್ಬಿಸಬೇಕಾಯಿತು. ಹೆಚ್ಚು ಒತ್ತಿದರೆ ಕೆಳಗಿನ ಹಳೆಯದೂ ಒಡೆದುಹೋಗುತ್ತದೆ, ಆಗ ತೋರಿಸಲು ಏನೂ ಉಳಿಯುವುದಿಲ್ಲ. ಆ ಭಯಕ್ಕೆ ಸಿಟ್ಟು ಇಳಿದು ಕೈ ನಿಧಾನವಾಯಿತು. ಅರ್ಧ ಗಂಟೆ ಹಿಡಿಯಿತು.

ಕೆಳಗೆ ಹಳೆಯ ಸುಣ್ಣ, ತಿಳಿಗೆಂಪು ಬಣ್ಣ, ಇಟ್ಟಿಗೆ ಪುಡಿ ಬೆರೆಸಿದ್ದು. ಬ್ರಷ್ಷಿನಿಂದ ಪುಡಿ ಗುಡಿಸಿದೆ. ನಡುವೆ ದಿಬ್ಬ ಕಂಡಿತು. ಅಲ್ಲಿಂದ ಪಶ್ಚಿಮಕ್ಕೊಂದು ಇಳಿಜಾರು, ಪೂರ್ವಕ್ಕೊಂದು ಇಳಿಜಾರು. ಪೂರ್ವದ ಇಳಿಜಾರಿನ ಮೇಲೆ ನೀರು ಹರಿದ ಹಳೆಯ ಕಪ್ಪು ಗೆರೆಗಳು ಇನ್ನೂ ಇದ್ದವು.

ಕಮಿಷನರ್ ಮೇಲೆ ಬಂದರು. ಟೇಪು ಹಿಡಿದೆವು. ದಿಬ್ಬದಿಂದ ಈಚೆಗೆ ಏಳು ಇಂಚು, ಆಚೆಗೆ ಏಳು ಇಂಚು. ಅವರು ಎರಡು ಸಲ ಅಳೆದು ಬರೆದರು. “ಮೇಲಿನ ಪದರ ಯಾವಾಗಿನದು?” ಎಂದು ಕೇಳಿದರು. ನಮ್ಮ ವಕೀಲರು ಕೆಳಗಿನಿಂದ ಆಕ್ಷೇಪಣೆ ಎಂದರು. “ಇದು ಮೌಖಿಕ ಸಾಕ್ಷ್ಯವಲ್ಲ, ಬ್ಯಾಂಕಿನ ಪ್ರತಿನಿಧಿಯ ಹೇಳಿಕೆ,” ಎಂದೆ. “ಎರಡು ವರ್ಷಕ್ಕೂ ಮೊದಲು ನಾನು ಹಾಕಿಸಿದ್ದು. ಅಫಿಡವಿಟ್ಟಿನಲ್ಲಿ ಇದನ್ನು ಹೇಳಬೇಕಿತ್ತು, ಹೇಳಲಿಲ್ಲ. ಅದನ್ನೂ ಬರೆದುಕೊಳ್ಳಿ.” ಬರೆದುಕೊಂಡರು. ನಾನು ಸಹಿ ಮಾಡಿದೆ. ಕಾಗದಕ್ಕೆ ಹೆಬ್ಬೆರಳಿನ ರಕ್ತವೂ ಸ್ವಲ್ಪ ಹತ್ತಿತು.

ಆ ಮಧ್ಯಾಹ್ನ ಸಾಹೇಬರು ನನ್ನನ್ನು ನಿಲ್ಲಿಸಿಕೊಂಡು ಬೈದರು. ಬಾಗಿಲು ಮುಚ್ಚಿರಲಿಲ್ಲ, ಎಲ್ಲರಿಗೂ ಕೇಳಲೆಂದೇ ತೆರೆದಿಟ್ಟಿದ್ದರು. ಆದರೆ ಬೈದದ್ದು ಕನ್ನಡದಲ್ಲಿ, ಹಾಗಾಗಿ ಆ ಕಚೇರಿಯಲ್ಲಿ ಅರ್ಥವಾದದ್ದು ನನಗೊಬ್ಬನಿಗೇ.

“ಉಂಡ ಮನೆಗೆ ಎರಡು ಬಗೆದಿರಲ್ಲ ಮಾರಾಯ್ರೇ! ನಮ್ಮವರು ಅಂತ ನಂಬಿದ್ದಕ್ಕೆ ಇದಾ?”

“ನಮ್ಮವರು ಅಂತ ನಂಬಿದ್ದು ನಾನೂ ಹೌದ್ರೀ,” ಎಂದೆ. “ಒಬ್ಬ ಹೆಣ್ಮಗಳ ತಲಿ ಮ್ಯಾಲಿನ ಸೂರು ಕೀಳಾಕ ನನ್ನ ಕರಣಿ, ನನ್ನ ಸಹಿ, ನನ್ನ ಹುಬ್ಬಳ್ಳಿ ಎಲ್ಲಾ ಬಳಸಿಕೊಂಡ್ರಿ. ಗ್ಯಾರೇಜಿಲ್ಲಂದ್ರ ನಿಮ್ಮ ಕಾರು ಸಾಯ್ತದೇನ್ರೀ? ಬಿಸಲಾಗ ನಿಂತರ ಏನಾಗತೈತಿ ಅದಕ್ಕ?”

ನನಗೆ ಅಷ್ಟು ದನಿಯಿದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆರಳಚ್ಚು ಯಂತ್ರ ನಿಂತಿತು. ಸಾಹೇಬರು ಎದ್ದು ಹೋಗಿ ಬಾಗಿಲು ಮುಚ್ಚಿದರು.

ವಿವರಣೆ ಕೇಳಿ ಮೆಮೋ ಬಂತು. ಹುಬ್ಬಳ್ಳಿಯ ಅರ್ಜಿ ತಿರಸ್ಕೃತವಾಯಿತು. ಸೂರತ್ತಿಗೆ ವರ್ಗವಾಯಿತು, ಪಾಂಡೇಸರಾದ ಬಣ್ಣದ ಗಿರಣಿಗಳ ನಡುವೆ ಬ್ಯಾಂಕಿಗೊಂದು ಹಳೆಯ ಗೋದಾಮಿತ್ತು, ಅದರ ದುರಸ್ತಿ ನೋಡಿಕೊಳ್ಳಲು. ಅಷ್ಟರಲ್ಲಿ ಕಮಿಷನರ ವರದಿ ಕೋರ್ಟಿಗೆ ಹೋಗಿತ್ತು. ಅದನ್ನು ಓದಿದ ಮೇಲೆ ಅಹಮದಾಬಾದಿನವರಿಗೆ ಮುಂದೆ ಹೋಗುವ ಧೈರ್ಯ ಬರಲಿಲ್ಲ. ರಾಜಿಯಾಯಿತು. ಗೋಡೆ ಇಬ್ಬರದು. ಒಬ್ಬರು ಇನ್ನೊಬ್ಬರ ಬರಹದ ಒಪ್ಪಿಗೆಯಿಲ್ಲದೆ ಅದನ್ನು ಒಡೆಯುವಂತಿಲ್ಲ, ಎತ್ತರಿಸುವಂತಿಲ್ಲ, ರೂಪ ಬದಲಿಸುವಂತಿಲ್ಲ. ತಂತಮ್ಮ ಅರ್ಧದೊಳಗೆ ತೊಲೆ ಇಡಬಹುದು. ತಂತಮ್ಮ ಅರ್ಧದ ನೀರು ತಂತಮ್ಮ ಜಾಗಕ್ಕೆ. ದುರಸ್ತಿ ಇಬ್ಬರ ಹೊಣೆ. ಕೊನೆಯಲ್ಲಿ ಒಂದು ಸಾಲು: ಕೋಪಿಂಗನ್ನು ಬ್ಯಾಂಕು ಮೊದಲಿನಂತೆ ಮಾಡಿಕೊಡಬೇಕು. ಅದನ್ನು ಮಾಡಿ ಮುಗಿಸಿದ ಮೇಲೆಯೇ ನನ್ನನ್ನು ಸೂರತ್ತಿಗೆ ಬಿಡುಗಡೆ ಮಾಡುವುದು ಎಂದು ಸಾಹೇಬರು ಆದೇಶದಲ್ಲಿ ಬರೆದರು. ಕೊನೆಯ ಗಳಿಗೆಯವರೆಗೂ ತಲೆಯ ಮೇಲೆ ಮೆಣಸು ಅರೆಯುವ ಆಸೆ.

ನನಗೆ ಅದು ಶಿಕ್ಷೆ ಅನ್ನಿಸಲೇ ಇಲ್ಲ. ನಿಜ ಹೇಳಬೇಕೆಂದರೆ ಹೆಮ್ಮೆಯಿಂದಲೇ ಹೋದೆ. ಗೌಂಡಿ ನನ್ನ ಗಿಲಾವನ್ನೆಲ್ಲ ಎಬ್ಬಿಸಿ ಹಾಕಿದ್ದ; ಅದರ ಜೊತೆ ಹಳೆಯ ಸುಣ್ಣವೂ ಎದ್ದು ಬಂದು ನೆತ್ತಿಯಲ್ಲಿ ಬರೀ ಇಟ್ಟಿಗೆ ಉಳಿದಿತ್ತು. ಮಾಸಿ ಶೆಡ್ಡಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಹತ್ತಿ ನಿಂತಿದ್ದರು, ಗೋಡೆಯ ಮೇಲಿಂದ ಅವರ ಮುಖ ಕಾಣುತ್ತಿತ್ತು. ನಾನು ಏಣಿಯ ಮೇಲೆ. ಹೆಬ್ಬೆರಳಿಗೆ ಇನ್ನೂ ಪಟ್ಟಿ ಇತ್ತು. ಅವರು ಅದನ್ನು ನೋಡಿ ಏನಾದರೂ ಹೇಳುತ್ತಾರೆಂದು ಕಾಯುತ್ತಿದ್ದೆ. ಸುಳ್ಳು ಯಾಕೆ, ಕಾಯುತ್ತಿದ್ದೆ.

“ಮಾಸಿ, ಶೆಡ್ಡು ಉಳಿಯಿತಲ್ಲ,” ಎಂದೆ.

“ಉಳಿಯಿತು,” ಎಂದರು. “ಅದಕ್ಕೆ ನಾನು ನಿನಗೆ ಕೈ ಮುಗಿಯಬೇಕೇ ಭಾಯಿ?”

ನಾನು ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಕೊಂಡೆ.

“ನೀರು ಸೋರುತ್ತದೆ ಅಂತ ಹೇಳಿದ್ದು ನಾನು. ಗೋಡೆಯನ್ನು ನಿನ್ನ ಕಡೆಗೆ ತಿರುಗಿಸಿಕೋ ಅಂತ ಹೇಳಿದ್ದೆನೇ? ಆ ಸಂದಿ ಮುಚ್ಚಲು ಒಂದು ತಗಡಿನ ಪಟ್ಟಿ ಸಾಕಿತ್ತು. ನಾನು ತಂದೂ ಇಟ್ಟಿದ್ದೆ. ನೀನು ಬಂದು ಕೇಳಿದ್ದರೆ ತೋರಿಸುತ್ತಿದ್ದೆ. ಹೊಡೆಯಲು ಗೌಂಡಿಯನ್ನು ಸ್ವಲ್ಪ ಕಳಿಸು ಅಂತಲೇ ನಿನ್ನ ಹೆಂಡತಿಗೆ ಹೇಳಿದ್ದು.” ದನಿ ಏರಲಿಲ್ಲ, ಆದರೆ ಮುಖ ಕೆಂಪಾಗಿತ್ತು. “ನಿನ್ನ ಸಾಹೇಬನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ನನ್ನನ್ನು ನೋಡಿಯೇ ಇಲ್ಲ. ನೀನು ದಿನಾ ನೋಡುವವನು. ಇಬ್ಬರ ಗೋಡೆಯ ಮೇಲೆ ಹತ್ತಿ ನಿಂತು, ಇದು ನನ್ನೊಬ್ಬನದು ಅಂತ ಮೊದಲು ನಡೆದುಕೊಂಡವನು ನೀನೇ. ಅವನು ಆಮೇಲೆ ಬಂದ.”

ಇಷ್ಟು ತಿಂಗಳುಗಳಿಂದ ಸಾಹೇಬರ ಮೇಲೆ, ವಕೀಲರ ಮೇಲೆ, ಅಹಮದಾಬಾದಿನ ಕನ್ನಡಕದ ಮೇಲೆ ಹಂಚಿ ಹಾಕಿದ್ದ ಸಿಟ್ಟೆಲ್ಲ ನನ್ನ ಹತ್ತಿರವೇ ವಾಪಸು ಬಂತು. ಅವರ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ನನ್ನ ಅಫಿಡವಿಟ್ಟಿನಂತಲ್ಲ, ಏನನ್ನೂ ಬಚ್ಚಿಟ್ಟುಕೊಳ್ಳದ ನಿಜ. ಗೌಂಡಿ ಕಲಸಿದ ಸುಣ್ಣ ಒಣಗುತ್ತದೆಂದು ಕೆಳಗಿನಿಂದ ನೆನಪಿಸಿದ. ನಾನು ಗೋಡೆಯ ನಡುವಿಗೆ ಎಂದು ಪೆನ್ಸಿಲಿನಲ್ಲಿ ಹಾಕಿಟ್ಟಿದ್ದ ಗುರುತನ್ನು ಅಂಗೈಯಿಂದ ಒರೆಸಿದೆ. ದಿಬ್ಬದ ಸಾಲು ಹಿಡಿಯಲು ತಂದಿದ್ದ ದಾರದ ತುದಿಯನ್ನು ಆಚೆಗೆ ಚಾಚಿದೆ.

“ಮಾಸಿ, ದಿಬ್ಬ ಎಲ್ಲಿ ಬರಲಿ?”

ಅವರು ದಾರವನ್ನು ತೆಗೆದುಕೊಂಡರು. ತಮ್ಮ ಕಡೆಯ ಅಂಚಿನಿಂದ ಅವಸರವಿಲ್ಲದೆ ಬೆರಳುಗಳಲ್ಲಿ ಅಳೆಯುತ್ತ ಬಂದು, ಒಂದು ಕಡೆ ಒತ್ತಿ ಹಿಡಿದರು. ನಾನು ಟೇಪು ತೆಗೆಯಲಿಲ್ಲ. ಅವರ ಬೆರಳಿದ್ದ ಜಾಗಕ್ಕೇ ಗೌಂಡಿಯಿಂದ ಮೊಳೆ ಹೊಡೆಸಿದೆ.